ಹುಳಿ ನಾಲ್ಕೂವರೆ

ಅಮ್ಮತ್ತಿ ರಸ್ತೆಯ ಹಂದಿಮಾಂಸದ ಅಂಗಡಿಗೆ
ಬೆಳಿಗ್ಗೆ ಆರೂಕಾಲಿಗೆ ನಾನೇ ಮೊದಲ ಗಿರಾಕಿ.
ಕೈಯಲ್ಲಿ ಐಸು ತುಂಬಿದ ಫ್ಲಾಸ್ಕು.
"ಟೀಚರೇ, ವಾರಕ್ಕೆ ಮೂರು ದಿನ ಲಿವರ್ ತಿಂದರೆ
ಕಾಲುಬೆರಳು ಊದುತ್ತದೆ" ಅಂದ ಪಳಂಗಪ್ಪ.
ತಿನ್ನುವುದಕ್ಕಲ್ಲ ಮಾರಾಯ, ಅರೆಯುವುದಕ್ಕೆ.
ಅರೆದು, ಒಳಗಿನ ಕತ್ತರಿಗಳನ್ನು ಎಣಿಸುವುದಕ್ಕೆ.
ಅವನು ಒಮ್ಮೆ ತನ್ನ ಚೂರಿ ನೋಡಿಕೊಂಡ.

ನಿನಗೆ ಗೊತ್ತಲ್ಲ, ಕೀಲು ಎಲ್ಲಿದೆ ಅಂತ?
ಮೂಳೆಗೆ ತಾಗಿಸದೆ ತೊಡೆ ಬಿಡಿಸುತ್ತೀಯಲ್ಲ?
ಹಾಗೆಯೇ ಇವು.
ಸವೆದ ಪ್ರೋಟೀನಿನ ಮೈತುಂಬ ಸಕ್ಕರೆಯ ಕವಲುಗಳು,
ಒಂದೊಂದು ಗಂಟಿಗೆ ಒಂದೊಂದೇ ಕತ್ತರಿ.
ಆಲ್ಫಾ ಗಂಟು ಬಲ್ಲದ್ದು
ಬೀಟಾ ಗಂಟನ್ನು ಮೂಸಿಯೂ ನೋಡದು,
ಸಕ್ಕರೆ ಅದೇ ಇದ್ದರೂ.
ತುದಿಯ ಸಯಾಲಿಕ್ ಕಳಚುವ ತನಕ
ಗ್ಯಾಲಕ್ಟೋಸಿನ ಕತ್ತರಿ ಬಾಯಿ ತೆರೆದು ನಿಂತೇ ಇರುತ್ತದೆ.
ಬುಡದಲ್ಲಿ ಪಕ್ಕಕ್ಕೆ ಅಂಟಿಕೊಂಡ ಫ್ಯೂಕೋಸ್ ಒಂದಿದೆ,
ಬಾಗಿಲಲ್ಲಿ ಕೂತ ಅತ್ತೆಯ ಹಾಗೆ.
ಅದು ಏಳದೆ ಬುಡ ಬಿಡಿಸಲಾಗದು.

"ಕಾಚಂಪುಳಿ ಹಾಕಿದ್ದೀರಾ?"
ತಮಾಷೆಗೇ ಕೇಳಿದ್ದು. ನಾನು ನಗಲಿಲ್ಲ.
ಹುಳಿ ಇಲ್ಲದಿದ್ದರೆ ಅವು ಅಲುಗುವುದೇ ಇಲ್ಲ;
ಪಿಎಚ್ ನಾಲ್ಕೂವರೆ ಬೇಕು.
"ಅಷ್ಟು ನಮ್ಮ ಮುದ್ದವ್ವನಿಗೂ ಗೊತ್ತು" ಅಂದ,
ಕಾಗದ ಸುತ್ತುತ್ತಾ.

ಇಪ್ಪತ್ತೊಂದು ಯಕೃತ್ತು.
ಎಲ್ಲ ಕತ್ತರಿಗಳೂ ಸಿಕ್ಕವು, ಒಂದರ ಹೊರತು:
ಬುಡದ ಎರಡು ಸಕ್ಕರೆಗಳ ನಡುವಿನ ಗಂಟು ಕೊಯ್ಯುವುದು.
ಪ್ಲೇಟಿನ ಮೇಲೆ ಆ ಜೋಡಿ ಪ್ರತಿ ಸಲವೂ
ಒಟ್ಟಿಗೇ ಬಂದು ಒಂದೇ ಚುಕ್ಕೆಯಾಗಿ ನಿಲ್ಲುತ್ತಿತ್ತು.
ಬಫರನ್ನು ಬೈದೆ. ವಿರಾಜಪೇಟೆಯ ಕರೆಂಟನ್ನು ಬೈದೆ.
ಸೆಂಟ್ರಿಫ್ಯೂಜಿನ ಮುಚ್ಚಳ ಎರಡು ಸಲ ಬಡಿದೆ.
ಕೊನೆಗೆ, ರಾತ್ರಿ ಹನ್ನೊಂದಕ್ಕೆ,
ನನ್ನ ಕೈಯನ್ನೇ ದೀಪಕ್ಕೆ ಹಿಡಿದು ನೋಡಿದೆ,
ಇದೇ ನಡುಗುತ್ತಿದೆಯೋ ಏನೋ ಎಂದು.

ಹಳೆಯದೊಂದು ವರದಿಯಲ್ಲಿ ಎರಡು ಸಾಲು ಸಿಕ್ಕವು.
ಹಂದಿಗೆ ಆ ಕತ್ತರಿ ಇಲ್ಲ. ದನಕ್ಕೂ ಇಲ್ಲ.
ಇಲಿಗೆ ಇದೆ. ಮನುಷ್ಯನಿಗೆ ಇದೆ.
ನಾನು ಹುಡುಕಿದ್ದು
ಹಾಕದೇ ಇದ್ದ ಬಾಗಿಲಿನ ಚಿಲಕ.

ಪಳಂಗಪ್ಪನಿಗೆ ಹೇಳಿದೆ.
ಅವನು ತಕ್ಕಡಿ ಕೆಳಗಿಟ್ಟ.
"ಅದಿಲ್ಲದೆ ಹಂದಿಗೆ ಏನಾಯಿತು?"
ಏನೂ ಆಗಲಿಲ್ಲ. ನೀನೇ ನೋಡಿದ್ದೀಯಲ್ಲ, ಎಷ್ಟು ದಪ್ಪಗಿವೆ.
"ಮತ್ತೆ, ನಮಗೆ ಯಾಕಿದೆ?"

ಕಾಲೇಜಿನ ತನಕ ಸ್ಕೂಟರಿನಲ್ಲಿ
ಆ ಪ್ರಶ್ನೆ ಹಿಂದೆ ಕೂತು ಬಂತು,
ಕಾಲು ಒಂದು ಕಡೆಗೆ ಹಾಕಿಕೊಂಡು.
ಇವತ್ತಿಗೂ ಇಳಿದಿಲ್ಲ.

ಸೋಮವಾರ ಲ್ಯಾಬಿನ ಮೆಟ್ಟಿಲ ಮೇಲೆ ಒಂದು ಬೋನು.
ಒಳಗೆ ಗದ್ದೆಯ ಇಲಿ, ಮೀಸೆಯಲ್ಲಿ ಕೆಸರು.
ಪಕ್ಕದಲ್ಲಿ ಕೆಮ್ಮಿನ ಔಷಧಿಯ ಹಳೆ ಸೀಸೆ,
ಅದರ ತುಂಬ ಕಪ್ಪಗೆ ಕಾಚಂಪುಳಿ.
ಚೀಟಿ ಇಲ್ಲ.

ಬೀಗ ತೆಗೆಯದೆ ಕೂತೆ.
ಇಲಿ ನನ್ನನ್ನು ನೋಡಿತು, ನಾನು ಅದನ್ನು.
ಆ ಕತ್ತರಿ ಇಬ್ಬರಲ್ಲೂ ಇತ್ತು,
ಆಗಲೂ ಏನನ್ನೋ ಕೊಯ್ಯುತ್ತಾ.