ರಬ್ಬರ್ ಕೈ

ಕೋಲಿನ ತುದಿಗೆ ಸಿಕ್ಕಿಸಿದ ಈ ಕೈಗೆ
ಉಗುರುಗಳಿವೆ, ರೇಖೆಗಳಿಲ್ಲ.
ಹೆಬ್ಬೆರಳ ತುದಿಯನ್ನು ಯಾವುದೋ ಬೀಗಲ್ ನುಂಗಿದ್ದು
ನಾನಿಲ್ಲಿ ಕೆಲಸಕ್ಕೆ ಸೇರುವ ಮೊದಲೇ.
ಅಂಗೈ ನೋಡಿ ಭವಿಷ್ಯ ಹೇಳುವವರು
ಇದನ್ನು ನೋಡಿದರೆ ಸುಮ್ಮನೆ ಎದ್ದು ಹೋಗಬೇಕು.
ಆದರೂ ಬ್ಯೂಟ್ ಊರಿನ ನಾಯಿಗಳಿಗೆಲ್ಲ
ಮುಂದೇನೆಂದು ಹೇಳುವುದು ಇದೇ.

ಮಂಗಳವಾರ, ಪಂಜರ ಹದಿನೇಳು.
ಟಗ್ ಅಂತ ಹೆಸರು. ಕಂದು ಮೈ, ಎಡಗಿವಿ ಅರ್ಧ.
ತಂದುಬಿಟ್ಟವಳು ಪೆನ್ಸಿಲಿನಲ್ಲಿ ಫಾರಂ ತುಂಬಿದ್ದಾಳೆ:
ಒಂದು ಟ್ರೈಲರ್ ಮನೆ, ನಾಲ್ಕು ನಾಯಿ, ಎರಡು ಬೋಗುಣಿ.
'ಬಿಡುತ್ತಿರುವ ಕಾರಣ' ಅನ್ನುವಲ್ಲಿ
'ಒಳ್ಳೆಯವನು' ಎಂದು ಬರೆದು
ಹೊಡೆದುಹಾಕಿದ್ದಾಳೆ.

ಬೇರೆಲ್ಲದರಲ್ಲಿ ಪಾಸು.
ಅಪರಿಚಿತನ ಟೋಪಿ, ಫಟ್ಟನೆ ಬಿಚ್ಚಿದ ಛತ್ರಿ;
ಫ್ರಾಕು ತೊಡಿಸಿದ ಗೊಂಬೆಯ ಕಾಲು ಮೂಸಿ
ಪಕ್ಕದಲ್ಲೇ ಮಲಗಿಬಿಟ್ಟಿತ್ತು.
ಉಳಿದದ್ದು ಬೋಗುಣಿ.

ಉಣ್ಣುವವರ ಮುಂದಿನ ತಟ್ಟೆ ಎಳೆಯಬಾರದು,
ಹಗೆಯಾದರೂ ಸರಿ, ಉಂಡೇಳಲಿ ಎಂದು ಕಾಯಬೇಕು.
ಇದು ನನ್ನಜ್ಜಿಗೂ ಗೊತ್ತಿತ್ತು, ಫಿನ್ಲೆಂಡಿನಿಂದ ಬಂದು
ಗಣಿಯಿಳಿಯುವ ಗಂಡಸರಿಗೆ ಬೇಯಿಸಿ ಹಾಕಿದವಳಿಗೆ.
ನನ್ನ ಕೆಲಸ ಎಳೆಯುವುದು.

ಎಳೆದೆ.
ಮೊದಲು ಅಗಿಯುವುದು ನಿಂತಿತು.
ಮೈ ಕಲ್ಲಾಯಿತು, ಕಣ್ಣಂಚಿನಲ್ಲಿ ಬಿಳಿ ಮೂಡಿತು.
ಇನ್ನೂ ಒಂದು ಅಂಗುಲ ಎಳೆದೆ, ನಿಯಮ ಹಾಗಿದೆ.
ಆಮೇಲೆ ಹಲ್ಲು. ಒಂದು ಸಲ; ತಡೆದು, ಮತ್ತೊಂದು ಸಲ.
ಕಚ್ಚಿದ್ದಕ್ಕಿಂತ ನನಗೆ ನೆನಪಿರುವುದು, ಬಿಟ್ಟ ಮೇಲೆ
ಅದರ ಕಣ್ಣು ಕೋಲಿನ ಗುಂಟ ಹತ್ತುತ್ತ ಹತ್ತುತ್ತ
ಬಂದು ನನ್ನ ಮುಖದಲ್ಲಿ ನಿಂತದ್ದು.
ಕೈ ಯಾರದೆಂದು ಅದಕ್ಕೆ ತಿಳಿದಿತ್ತು.

ಗುರುವಾರ ಮೀಟಿಂಗು. ಸಕ್ಕರೆ ಉದುರಿಸಿದ ಡೋನಟ್, ಆರಿದ ಕಾಫಿ.
ಹದಿನೈದಕ್ಕೆ ಹನ್ನೊಂದು, ಎಂದಳು ಗೇಲೀನ್.
ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರು ಫೇಲು.
ಇಲ್ಲಿಯ ಗದ್ದಲದಲ್ಲಿ ಯಾರು ತಾನೇ ನೆಟ್ಟಗೆ ಉಣ್ಣುತ್ತಾರೆ, ಎಂದೆ,
ಆರು ವಾರ ಯಾರಾದರೂ ಮನೆಗೊಯ್ದು ತಿದ್ದಿದರೆ.
ಯಾರು, ಎಂದರು ಡಾಕ್ಟರ್ ಬಾರಿಯೆಂಟೋಸ್
ಕನ್ನಡಕ ಒರೆಸುತ್ತ. ಗದರಿದ್ದಲ್ಲ, ನಿಜವಾಗಿ ಕೇಳಿದ್ದು.
ನಾಳೆ ಡೀರ್ ಲಾಜ್‌ನಿಂದ ವ್ಯಾನು ಬರುತ್ತದೆ,
ಆರು ಮರಿ, ಅವುಗಳ ತಾಯಿ.
ಖಾಲಿ ಪಂಜರ ಒಂದೂ ಇಲ್ಲ.
ರಾಸ್ಕೋ ವಾದಿಸಲಿಲ್ಲ.
ಪ್ಲಾಟಿನಂ ಸ್ಟ್ರೀಟ್, ಎಂದ, ಅಷ್ಟೆ.

ನನ್ನ ಮುಖ ನೋಡದಿರಲು ಎಲ್ಲರೂ
ಡೋನಟ್ ಪೆಟ್ಟಿಗೆಯನ್ನು ನೋಡಿದರು.
ಎರಡು ವರ್ಷದ ಹಿಂದೆ ಹಸಿರು ಚೀಟಿ ಅಂಟಿಸಿ
ನಾನೇ ಕಳಿಸಿದ್ದೆ ಒಂದನ್ನು ಆ ಬೀದಿಗೆ.
ಐದು ವರ್ಷದ ಹುಡುಗಿ, ಕೆನ್ನೆಯಲ್ಲಿ ಹದಿನಾಲ್ಕು ಹೊಲಿಗೆ.
ಆ ನಾಯಿ
ಈ ರಬ್ಬರ್ ಕೈಯನ್ನು ನೆಕ್ಕಿತ್ತು.

ಕೆಂಪು ಚೀಟಿ. ಮೂರು ಕೈ ಮೇಲೆದ್ದವು.
ಡಾಕ್ಟರ್ ಎತ್ತಲಿಲ್ಲ; ಸೂಜಿ ಹಿಡಿಯುವವರು ಎತ್ತುವುದಿಲ್ಲ,
ಅದು ಅವರು ಇಟ್ಟುಕೊಂಡ ಪದ್ಧತಿ.
ಮೂರನೆಯದು ನನ್ನದು.
ಎತ್ತಿದ್ದು ನಾನೋ ಪ್ಲಾಟಿನಂ ಸ್ಟ್ರೀಟೋ
ಇವತ್ತಿಗೂ ಬಿಡಿಸಿ ಹೇಳಲಾರೆ.

ಸಂಜೆ ಆ ಕೈಯನ್ನು ತೊಳೆದೆ, ಬೆಚ್ಚನೆ ನೀರಲ್ಲಿ,
ಮಗುವಿನ ಕೈ ತೊಳೆಸಿದ ಹಾಗೆ;
ಬೆರಳ ಸಂದುಗಳಲ್ಲಿ ಗ್ರೇವಿ ಒಣಗಿತ್ತು.
ಮೊಳೆಗೆ ತೂಗುಹಾಕಿದೆ. ಹೊರಗೆ ಹಿಮ,
ತಾಮ್ರ ಮುಗಿದ ಗುಂಡಿಯ ಮೇಲೆ.

ಶುಕ್ರವಾರ, ಏಳೂವರೆ.
ಹಿಂದಿನ ಕೋಣೆ, ನೆಲಕ್ಕೆ ಹಳೆಯ ಕಂಬಳಿ.
ಕೋಳಿಯ ಡಬ್ಬಿ ಇಡಿಯಾಗಿ ಸುರಿದೆ ಬೋಗುಣಿಗೆ.
ಡಾಕ್ಟರ್ ಸಿರಿಂಜನ್ನು ಟವೆಲ್ಲಿನಡಿ ಇಟ್ಟು
ಗೋಡೆಗೊರಗಿ ಕಾದರು.
ಉಂಡೇಳಲಿ.
ಟಗ್ ತಿನ್ನುತ್ತಿತ್ತು. ಕೋಲಿಲ್ಲದ ನನ್ನ ಕೈ
ಅದರ ಕತ್ತಿನ ಮೇಲೆ ಯಾವಾಗ ಹೋಯಿತೋ.
ಗುರ್ರೆಂದಿತು, ಒಳಗೊಳಗೇ, ಅಗಿಯುತ್ತಲೇ.
ನಾನು ಕೈ ತೆಗೆಯಲಿಲ್ಲ,
ಅದು ತಿನ್ನುವುದು ಬಿಡಲಿಲ್ಲ.
ಬೋಗುಣಿಯ ತಳ ಕಾಣುವವರೆಗೆ
ಹಾಗೇ ಇದ್ದೆವು.