ಎರಡನೇ ಖಂಡ: ವ್ಯಾಖ್ಯೆಗಳು

ಮೂವತ್ತೊಂದು ವರ್ಷ ಕುಮಟೆಯ ಕೋರ್ಟಿನಲ್ಲಿ
ಸಾಕ್ಷಿಗಳ ಮಾತನ್ನು ಇಂಗ್ಲಿಷಿಗೆ ದಾಟಿಸಿದವನು ನಾನು.
ಈಗ ನಿವೃತ್ತ. ಈಗ ಇಪ್ಪತ್ತೆರಡು ಪುಟದ ವಿಧೇಯಕವೊಂದನ್ನು
ಈ ಕಡೆಗೆ ದಾಟಿಸಬೇಕು:
ದಿಲ್ಲಿಯಿಂದ ಅಘನಾಶಿನಿಯ ನಡುಗಡ್ಡೆಗೆ.
ಕೊನೆಯ ಪುಟ ಜೆರಾಕ್ಸಿನಲ್ಲಿ ಓರೆ ಬಿದ್ದು
ಮಂತ್ರಿಯ ಸಹಿ ಅರ್ಧ ಹಾಳೆಯಿಂದಾಚೆ.

ದೋಣಿಯವ ಕೇಳಿದ, ಅದೆಂತಾ ಕಟ್ಟು?
ಸಂವಿಧಾನದ ತಿದ್ದುಪಡಿ, ಎಂದೆ.
ನೆನೀದ ಹಾಗೆ ತಲೆ ಮೇಲೆ ಇಟ್ಕಳಿ, ಎಂದ.

ಸಭೆ ಹನ್ನೊಂದಕ್ಕೆ ಎಂದು ಬರೆದಿದ್ದರು ಕಾರ್ಯದರ್ಶಿ.
ಹನ್ನೊಂದಕ್ಕೆ ಇಳಿತ.
ಶೆಡ್ಡಿನಲ್ಲಿ ನಾನು, ಒಂದು ನಾಯಿ,
ಸಹಕಾರ ಸಂಘದ ಹದಿನೆಂಟು ಖಾಲಿ ಕುರ್ಚಿ.
ಹೆಂಗಸರೆಲ್ಲ ಆಚೆ, ಮೊಣಕಾಲುದ್ದ ಕೆಸರಲ್ಲಿ,
ಬಗ್ಗಿದ ಬೆನ್ನು ಬಗ್ಗಿದಂತೆಯೇ.
ಎರಡೂವರೆಗೆ ನೀರು ಏರಿ
ಅವರನ್ನು ನನ್ನತ್ತ ಅಟ್ಟಿಕೊಂಡು ಬಂತು.

ಓದಿದೆ. ರಾಜ್ಯ ಪಟ್ಟಿಯ ಇಪ್ಪತ್ತೊಂದನೇ ನಮೂದನ್ನು
ಬಿಟ್ಟುಬಿಡತಕ್ಕದ್ದು. ಅದನ್ನು ಸಮವರ್ತಿ ಪಟ್ಟಿಗೆ
ಸೇರಿಸತಕ್ಕದ್ದು. ಹಾಗೆಂದು ಭಾವಿಸತಕ್ಕದ್ದು.
ಒಂದೊಂದು ತಕ್ಕದ್ದಿಗೂ ಹಿಂದಿನ ಸಾಲಲ್ಲಿ ಕಿಸಕ್ಕನೆ ನಗೆ.
ನಮ್ಮತ್ತೆ ಇದ್ದಾಗ ಹಿಂಗೇ ಮಾತಾಡ್ತಿತ್ತು, ಎಂದಳು ಶಿವಿ ಅಂಬಿಗ,
ಸತ್ತ ಮೇಲೆ ದಿಲ್ಲಿಗೆ ಹೋಗಿ ಕೂತದೆ ಕಾಣ್ತದೆ.

ಪಟ್ಟಿ ಎಂದರೇನೆಂದು ತಿಳಿಸಲು
ಅವರದೇ ಮೂರು ಬುಟ್ಟಿ ಸಾಲಾಗಿ ಇಟ್ಟೆ.
ಇದು ದಿಲ್ಲಿಯದು. ಇದು ಬೆಂಗಳೂರಿನದು. ಇದು ಇಬ್ಬರದೂ.
ಇಬ್ಬರಿಗೂ ಜಗಳಾದ್ರೆ?
ದಿಲ್ಲಿಯ ಮಾತೇ ಮೇಲು.
ಹಂಗಾರೆ ಮೂರನೇದೂ ಮೊದಲ್ನೇದೇ ಅಲ್ದಾ ತಮಾ?
ಇಂಥ ಸಾಕ್ಷಿ ಕಟಕಟೆಗೆ ಬಂದಿದ್ದರೆ
ವಕೀಲರು ಊಟದ ಹೊತ್ತಾಯಿತೆಂದು ಎದ್ದುಬಿಡುತ್ತಿದ್ದರು.

ಬಳಚು ಮೀನೋ ಅಲ್ಲವೋ, ಕೇಳಿದವಳು ನಾಗಿ.
ಎರಡನೇ ಖಂಡ ತಿರುವಿದೆ.
ಮೀನೆಂದರೆ ನೀರಿನಲ್ಲಿ ಹಿಡಿದದ್ದು.
ಭೂಮಿಯೆಂದರೆ ನೀರು ಆವರಿಸದೆ ಉಳಿದದ್ದು.
ನಾವು ಹಿಡಿಯುದಿಲ್ಲ, ಹೆಕ್ಕುದು, ಎಂದಳು.
ನೀರು ಹೋದ ಮೇಲೆ ಹೋಗುದು, ಬಂದ ಮೇಲೆ ಬರುದು.
ನಾವು ಯಾವ ಸಾಲಲ್ಲಿ ಇದ್ದೇವೆ, ಬೆರಳಿಟ್ಟು ತೋರ್ಸು.
ಬೆರಳಿಟ್ಟೆ. ಇಪ್ಪತ್ತೆರಡು ಪುಟ ಇಟ್ಟೆ.
ಅಲ್ಪವಿರಾಮದ ಆಚೆಗೆ ಬಂದರು, ಅರ್ಧವಿರಾಮದ ಈಚೆಗೆ ಹಡಗುಕಟ್ಟೆ.
ದಿನಕ್ಕೆ ಎರಡು ಬಾರಿ ನೆಲವಾಗಿ ಎರಡು ಬಾರಿ ಹೊಳೆಯಾಗುವುದಕ್ಕೆ
ಕರಡು ಬರೆದವನು ಜಾಗ ಬಿಟ್ಟಿರಲಿಲ್ಲ.

ಮೂಲದಲ್ಲಿ ಒಂದು ಪದವಿತ್ತು, ಫೋರ್‌ಶೋರ್.
ನಿಘಂಟು ಮುಂದಡ ಎಂದಿತು, ತೀರಮುಖ ಎಂದಿತು.
ನಿಮ್ಮಲ್ಲಿ ಏನಂತೀರಿ ಆ ಜಾಗಕ್ಕೆ?
ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಅಲ್ಲಿ ಅಂತೇವೆ. ಅಲ್ಲಿಗೆ ಹೋಗ್ವ, ಅಲ್ಲಿ ಇವತ್ತು ಇಲ್ಲ,
ಅಲ್ಲಿ ನನ್ನ ಹುಡ್ಗಿಗೆ ಮೊದಲ ಸಲ ಹೊಟ್ಟೆ ನೋವು ಬಂತು.

ಜಂಟಿ ಸಮಿತಿಗೆ ಆಕ್ಷೇಪಣೆ ನಾನೇ ಬರೆದೆ.
ಅರವತ್ತೇಳು ಹೆಬ್ಬೆಟ್ಟು. ಚಿಪ್ಪು ಕೊಯ್ದ ಗೆರೆ
ಹುಟ್ಟುಗೆರೆಗಳನ್ನು ಅಡ್ಡ ಹಾಯ್ದು, ಶಾಯಿ ಎಲ್ಲೂ ಸರಿ ಕೂರಲಿಲ್ಲ.
ಅಂಚೆಯವಳು ತೂಗಿ ನಲವತ್ತೆಂಟು ರೂಪಾಯಿ ಎಂದಳು,
ಹಾಳೆಯ ನಡುವಿನ ಮರಳನ್ನೂ ಸೇರಿಸಿ.

ಮಳೆಗಾಲಕ್ಕೆ ಮೊದಲೇ ಲೋಕಸಭೆ ವಿಸರ್ಜನೆಯಾಯಿತು.
ವಿಧೇಯಕ ಬಿದ್ದುಹೋಯಿತು. ಯಾರೂ ಕೆಡವಲಿಲ್ಲ,
ಒಂದು ಮತವಿಲ್ಲ, ಧಿಕ್ಕಾರವಿಲ್ಲ, ಅವಧಿ ಮುಗಿದು ತಾನಾಗಿಯೇ.
ಹೇಳಲು ದೋಣಿ ಹತ್ತಿ ಹೋದೆ. ಬಿದ್ದದ್ದು ಎಲ್ಲಿ, ಎಂದಳು ಶಿವಿ.
ಎಲ್ಲಿ ಎಂದರೆ?
ಇಳಿತದಲ್ಲಿ ಬಿದ್ದದ್ದು ಅಲ್ಲೇ ಇರ್ತದಾ ತಮಾ?
ಉತ್ತರಕ್ಕೆ ಕಾಯದೆ ಒಂದು ಸೇರು ಬಳಚು ಅಳೆದು ಕೊಟ್ಟಳು.

ಡಿಸೆಂಬರಿನಲ್ಲಿ ಮತ್ತೆ ಬಂತು, ಹೊಸ ಸಂಖ್ಯೆ ಹೊತ್ತು.
ಜೊತೆಗೆ ನಮ್ಮ ಹಳೆಯ ಅರ್ಜಿಯೂ ವಾಪಸ್ಸು.
ಯಾವನೋ ಗುಮಾಸ್ತ ಪೂರ್ತಿ ಓದಿದ್ದಾನೆ, ಪುಣ್ಯಾತ್ಮ.
ನಾಲ್ಕನೇ ಪುಟದಲ್ಲಿ 'ಅಲ್ಲಿ' ಎಂಬುದರ ಕೆಳಗೆ
ಪೆನ್ಸಿಲ್ಲಿನ ಗೆರೆ, ಅಂಚಿನಲ್ಲಿ ಸಣ್ಣ ಅಕ್ಷರ:
ಎಲ್ಲಿ? ಸ್ಪಷ್ಟಪಡಿಸತಕ್ಕದ್ದು.

ಹನ್ನೊಂದಕ್ಕೆ ಇಳಿತ. ಚಪ್ಪಲಿ ದಡದಲ್ಲಿ ಬಿಟ್ಟು
ಪಂಚೆ ಎತ್ತಿ ಕಟ್ಟಿದ್ದೇನೆ.