ಮೂರೇ ಮಾತ್ರೆ

ಕಾಕ್ಸ್ ಟೌನಿನ ಮಹಡಿಯಲ್ಲಿ ಮಿಸ್ ಐರಿಸ್ ಲೋಬೊ
ಪಿಯಾನೊ ಮರಕ್ಕೆ ಉಗುರಲ್ಲಿ ಬಡಿಯುತ್ತಾರೆ:
ಸ್ಕೆರ್ಟ್ಸೊ ಅಂದರೆ ತಮಾಷೆ, ಮಾರಾಯ್ತಿ,
ಒಂದು ಮನೆಗೆ ಮೂರೇ ಮಾತ್ರೆ, ನಗುತ್ತಾ ಓಡು.

ತಕಿಟ ತಕಿಟ ನನಗೆ ಗೊತ್ತು,
ಅಪ್ಪ ಮದುವೆಮನೆಗಳಲ್ಲಿ ಡೋಲು ಬಾರಿಸಿದವರು.
ಆದರೂ ಹಲಸೂರು ಸಿಗ್ನಲ್ಲಿನ ಆಟೋ ಥರ
ಬೆರಳು ನುಗ್ಗಿ, ನಿಂತು, ಮತ್ತೆ ನುಗ್ಗಿ
ಪಕ್ಕದ ಸ್ವರಕ್ಕೆ ಗುದ್ದುತ್ತದೆ.

ನಡುವೆ ಟ್ರಿಯೊ. ನಿಧಾನ.
ಅವರು ಸ್ಟೀಲ್ ಲೋಟ ತರುತ್ತಾರೆ,
ಅಂಗೈಯಲ್ಲಿ ಬಿಳಿಯದು, ಹಳದಿಯದು, ಮುರಿದ ಅರ್ಧ.
ನನಗೆ ಎರಡೂವರೆಯೇ ಮಾತ್ರೆ, ನೋಡು,
ಡಾಕ್ಟರಿಗೆ ತಾಳಜ್ಞಾನ ಇಲ್ಲ.
ತಾವೇ ನಕ್ಕು, ಕೆಮ್ಮಿ, ಕಣ್ಣೊರೆಸಿಕೊಂಡು:
ಸರಿ, ಮೊದಲಿನಿಂದ.

ಮೊದಲಿನಿಂದ. ಅದೇ ಓಟ.
ಥಂಡಿಗೆ ಉಬ್ಬಿ, ಒತ್ತಿದರೆ ಏಳದ ಆ ಒಂದು ಕೀ,
ಅದರಡಿಗೆ ಅವರ ಉಗುರು ಹೋಗಿ ಎತ್ತುತ್ತದೆ,
ಸರಿಯಾಗಿ ಮೂರನೆಯ ಮಾತ್ರೆಗೆ.